ಮ್ಯಾಡನ್ ಆನ್‌ಲೈನ್‌ನಲ್ಲಿ ಡಿಫೆನ್ಸ್ ಗಟ್ಟಿ ಮಾಡೋದು ಹೇಗೆ? ಕೋಚ್‌ಗೆ ಕೇಳಿ

ಪ್ರಶ್ನೆ: ಸರ್, ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆಫೀಸಿನ ಹುಡುಗರಿಂದ ಮ್ಯಾಡನ್ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ವಿಡಿಯೋ ಗೇಮ್) ಹುಚ್ಚು ಹತ್ತಿದೆ. ಕಂಪ್ಯೂಟರ್ ವಿರುದ್ಧ ಆರಾಮಾಗಿ ಗೆಲ್ಲುತ್ತೇನೆ, ಆನ್‌ಲೈನ್ ಹೋದರೆ ಮಾತ್ರ ಎದುರಿನವನು ನಲವತ್ತು ಪಾಯಿಂಟ್ ಬಾರಿಸಿ ಹೋಗುತ್ತಾನೆ. ಪ್ರತಿ ಸಲ ಬ್ಲಿಟ್ಜ್ (ಹೆಚ್ಚು ಜನರನ್ನು ನುಗ್ಗಿಸುವುದು) ಹಾಕಿ, ನಾನೇ ಲೈನ್ ಅಂಚಿನ ಡಿಫೆನ್ಸಿವ್ ಎಂಡ್ ಹಿಡಿದು ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತೇನೆ. ಅಷ್ಟರಲ್ಲಿ ಬಾಲ್ ಎಸೆದಾಗಿರುತ್ತದೆ. ಏನು ಮಾಡಲಿ?

ಕೋಚ್: ಮೊದಲು ಆ ಬ್ಲಿಟ್ಜ್ ಬಿಡಿ. ಲೆಕ್ಕ ನೋಡಿ: ನಿಮ್ಮವರು 11 ಜನ, ಅವನ ಕಡೆ ಪಾಸ್ ಹಿಡಿಯಲು ಓಡುವವರು ಹೆಚ್ಚೆಂದರೆ ಐವರು. ನಾಲ್ಕು ಜನ ನುಗ್ಗಿದರೆ ಹಿಂದೆ ಏಳು ಜನ ಉಳಿಯುತ್ತಾರೆ. ಆರು ಜನ ನುಗ್ಗಿದರೆ ಐವರಿಗೆ ಐವರೇ, ಒಬ್ಬ ಜಾರಿದರೂ ಟಚ್‌ಡೌನ್ (ಬಾಲ್ ಕೊನೆಯ ಎಂಡ್ ಝೋನ್ ಸೇರುವುದು). ಕಂಪ್ಯೂಟರ್ ಬ್ಲಿಟ್ಜ್‌ಗೆ ಗಾಬರಿಯಾದೀತು, ಆನ್‌ಲೈನ್‌ನಲ್ಲಿ ಕೂತವನು ಆಗುವುದಿಲ್ಲ. ಬ್ಲಿಟ್ಜ್ ಬರುವುದನ್ನೇ ಅವನು ಕಾಯುತ್ತಿರುತ್ತಾನೆ, ಸ್ಲಾಂಟ್ (ಒಳಕ್ಕೆ ಓರೆಯಾಗಿ ಓಡುವವನಿಗೆ ಚುರುಕು ಪಾಸ್) ಎಸೆದು ಮುಗಿಸುತ್ತಾನೆ. ಅಪರೂಪಕ್ಕೆ ಹಾಕಿದರೆ ಮಾತ್ರ ಬ್ಲಿಟ್ಜ್‌ಗೆ ಬೆಲೆ.

ಎರಡನೆಯದು, ಆ ಡಿಫೆನ್ಸಿವ್ ಎಂಡ್‌ನನ್ನು ಕಂಪ್ಯೂಟರ್‌ಗೆ ಬಿಟ್ಟುಕೊಡಿ. ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡುವ ಮಜಾ ಗೊತ್ತು, ಆದರೆ ಲೈನ್‌ನಲ್ಲಿ ನೀವು ಸೇರಿಸುವುದು ಜಾಸ್ತಿ ಏನಿಲ್ಲ. ಸ್ನ್ಯಾಪ್‌ಗೆ (ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರುವಾಗುವುದು) ಮೊದಲೇ ಲೈನ್ ಹಿಂದೆ ನಡುವೆ ನಿಲ್ಲುವ ಮಿಡಲ್ ಲೈನ್‌ಬ್ಯಾಕರ್‌ಗೆ ಬದಲಾಯಿಸಿಕೊಳ್ಳಿ. ಸ್ಲಾಂಟ್, ಡ್ರ್ಯಾಗ್, ಕ್ರಾಸರ್ (ರಿಸೀವರ್‌ಗಳು ಒಳಕ್ಕೆ, ಅಡ್ಡಕ್ಕೆ ಓಡುವ ದಾರಿಗಳು), ಆನ್‌ಲೈನ್‌ನವರ ಅರ್ಧ ಬಂಡವಾಳ ಮೈದಾನದ ನಡುವೆಯೇ ಇರುತ್ತದೆ. ಅಲ್ಲಿ ಒಬ್ಬ ಮನುಷ್ಯ ನಿಂತರೆ ಅವನ ಕೈ ತಡೆಯುತ್ತದೆ. ಆ ಒಂದು ಸೆಕೆಂಡ್ ತಡವಾದರೆ ನಿಮ್ಮ ನಾಲ್ವರು ಬಂದು ಮುಟ್ಟುತ್ತಾರೆ, ಸ್ಯಾಕ್ ತಾನಾಗೇ ಸಿಗುತ್ತದೆ.

ಪ್ರಶ್ನೆ: ಲೈನ್‌ಬ್ಯಾಕರ್ ಹಿಡಿದು ನೋಡಿದೆ. ಯಾರ ಹಿಂದೆ ಓಡಬೇಕು ಅಂತಲೇ ಗೊತ್ತಾಗುವುದಿಲ್ಲ. ಕವರ್ 3 (ಆಳದಲ್ಲಿ ಮೂವರು ಕಾಯುವ ಕವರೇಜ್) ಹಾಕಿದರೆ ಫ್ಲಾಟ್‌ನಲ್ಲಿ (ಲೈನ್ ಹತ್ತಿರದ ಅಂಚಿನ ಜಾಗ) ಕೊಡುತ್ತಾನೆ, ಕವರ್ 2 (ಆಳದಲ್ಲಿ ಇಬ್ಬರು) ಹಾಕಿದರೆ ತಲೆ ಮೇಲಿಂದ ಎಸೆಯುತ್ತಾನೆ.

ಕೋಚ್: ಯಾರ ಹಿಂದೆಯೂ ಓಡಬೇಡಿ. ನಿಮ್ಮ ಯೂಸರ್ (ನೀವೇ ಆಡಿಸುವ ಆಟಗಾರ) ಇರುವುದು ಆ ಕವರೇಜ್‌ನ ತೂತು ಮುಚ್ಚಲು. ಪ್ರತಿಯೊಂದಕ್ಕೂ ತೂತು ಇದ್ದೇ ಇದೆ. ಕವರ್ 3ರಲ್ಲಿ ಹಿಂದೆ ಮೂವರು, ನಾಲ್ವರು ನೇರ ಓಡಿದರೆ ನಡುವಿನ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವ ಡಿಫೆಂಡರ್) ಇಬ್ಬರ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಆಗ ನೀವು ಒಳಗಿನ ರಿಸೀವರ್ ಜೊತೆಗೇ ಹಿಂದಕ್ಕೆ ಸರಿಯಬೇಕು. ಕವರ್ 2ರಲ್ಲಿ ತೂತು ಎರಡು ಸೇಫ್ಟಿಗಳ ನಡುವೆ, ಅದಕ್ಕೇ ಅದರದೇ ಇನ್ನೊಂದು ರೂಪವಾದ ಟ್ಯಾಂಪಾ 2ರಲ್ಲಿ ಮಿಡಲ್ ಲೈನ್‌ಬ್ಯಾಕರ್ ಆಳಕ್ಕೆ ಹೋಗುವುದು. ಕವರ್ 4ರಲ್ಲಿ ಆಳ ಭದ್ರ, ಫ್ಲಾಟ್ ಖಾಲಿ.

ಕ್ರಿಕೆಟ್‌ನಲ್ಲಿ ಎಲ್ಲಾ ಬೌಂಡರಿಗೂ ಫೀಲ್ಡರ್ ಇಡಲು ಆಗುತ್ತಾ? ಯಾವ ಹೊಡೆತ ಬಿಟ್ಟುಕೊಡುತ್ತೀರಿ ಅಂತ ಮೊದಲೇ ತೀರ್ಮಾನಿಸಬೇಕು, ಅಲ್ವಾ. ಫ್ಲಾಟ್‌ನಲ್ಲಿ ನಾಲ್ಕು ಯಾರ್ಡ್ ಕೊಡಿ, ತಕ್ಷಣ ಟ್ಯಾಕಲ್ ಮಾಡಿ. ಹಿಟ್ ಸ್ಟಿಕ್ (ಜೋರಾಗಿ ಗುದ್ದುವ ಟ್ಯಾಕಲ್) ಆಸೆಗೆ ಹಾರಿ ಗುರಿ ತಪ್ಪಿದರೆ ಆ ನಾಲ್ಕೇ ನಲವತ್ತಾಗುತ್ತದೆ. ಹತ್ತು ಹನ್ನೆರಡು ಪ್ಲೇ ನಡೆಸಿ ಟಚ್‌ಡೌನ್ ಮಾಡುವ ತಾಳ್ಮೆ ಆನ್‌ಲೈನ್‌ನಲ್ಲಿ ಬಹಳ ಜನಕ್ಕಿಲ್ಲ, ಎಲ್ಲೋ ಒಂದು ಕಡೆ ದುರಾಸೆಯಿಂದ ಎಸೆಯುತ್ತಾರೆ. ಪಿಕ್ (ಅವನ ಪಾಸ್ ನಿಮ್ಮವನು ಹಿಡಿಯುವುದು) ಸಿಗುವುದು ಆಗ. ಫ್ಲಾಟ್ ಕಾಟ ತಡೆಯಲೇ ಆಗದಿದ್ದರೆ ಕೋಚಿಂಗ್ ಅಡ್ಜಸ್ಟ್‌ಮೆಂಟ್‌ನಲ್ಲಿ ಫ್ಲಾಟ್ ಝೋನ್ ಡ್ರಾಪ್ (ಫ್ಲಾಟ್ ಕಾಯುವವರು ಎಷ್ಟು ಹಿಂದೆ ಸರಿಯಬೇಕು ಎಂಬುದು) 5 ಯಾರ್ಡ್‌ಗೆ ಇಳಿಸಿ. ಮತ್ತೆ ವಾಪಸ್ ಹಾಕುವುದು ಮರೆಯಬೇಡಿ, ಅದರ ಹಿಂದಿನ ಜಾಗ ಖಾಲಿಯಾಗಿರುತ್ತದೆ.

ಇನ್ನೊಂದು, ಮೊದಲ ಡ್ರೈವ್‌ನಲ್ಲಿ (ಬಾಲ್ ಅವನ ಕೈಲಿರುವ ಸರದಿ) ಅವನ ಅಭ್ಯಾಸ ನೋಡಿ. ಹೆಚ್ಚಿನವರು ಪ್ಲೇಬುಕ್ ತುಂಬ ಪ್ಲೇ ಇಟ್ಟುಕೊಂಡು ಆಡುವುದು ಮೂರೋ ನಾಲ್ಕೋ. ಮೂರನೇ ಡೌನ್ (ಮೂರನೇ ಯತ್ನ) ಬಂದಾಗ ಕೈ ತನಗೆ ಇಷ್ಟವಾದದ್ದಕ್ಕೇ ಹೋಗುತ್ತದೆ. ಅದನ್ನೇ ಕಿತ್ತುಕೊಳ್ಳಿ, ಉಳಿದದ್ದು ಬಿಡಿ.

ಪ್ರಶ್ನೆ (ಬೇರೆ ಸದಸ್ಯರು): ಲಮಾರ್ ಜಾಕ್ಸನ್ ಥರದ ಓಡುವ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಸುಮ್ನೆ ಓಡುತ್ತಲೇ ಇರುತ್ತಾರಲ್ಲ, ಅವರಿಗೆ?

ಕೋಚ್: ಮ್ಯಾನ್ ಕವರೇಜ್ (ಒಬ್ಬೊಬ್ಬ ರಿಸೀವರ್‌ಗೆ ಒಬ್ಬೊಬ್ಬ) ಹಾಕಿರುತ್ತೀರಿ, ಬಹುಶಃ. ಮ್ಯಾನ್‌ನಲ್ಲಿ ನಿಮ್ಮವರು ರಿಸೀವರ್ ಹಿಂದೆ ಬೆನ್ನು ತಿರುಗಿಸಿ ಓಡುತ್ತಾರೆ, ಮುಂದೆ ಹೆದ್ದಾರಿ ಖಾಲಿ. ತಮ್ಮ ತಮ್ಮ ಜಾಗ ಕಾಯುವ ಝೋನ್‌ನಲ್ಲಿ ಎಲ್ಲರ ಕಣ್ಣು ಬಾಲ್ ಮೇಲೆ. ಅಂಚಿನ ಇಬ್ಬರನ್ನು ಕಂಟೇನ್‌ಗೆ ಹಾಕಿ. ಆಗ ಅವನು ಹೊರಗೆ ಹೋಗುವುದು ಕಷ್ಟ, ಒಳಗೆ ಬಂದರೆ ನೀವಿದ್ದೀರಿ. ಕ್ಯೂಬಿ ಸ್ಪೈ (ಕ್ವಾರ್ಟರ್‌ಬ್ಯಾಕ್‌ನನ್ನೇ ಕಾಯಲು ಒಬ್ಬನನ್ನು ಇಡುವುದು) ಸಹ ಇದೆ, ಆದರೆ ಅದಕ್ಕೆ ಕವರೇಜ್‌ನಿಂದ ಒಬ್ಬನನ್ನು ಕಳೆಯಬೇಕು. ಅವನು ಲೈನ್ ದಾಟುವವರೆಗೂ ನೀವು ಮುಂದೆ ನುಗ್ಗಬೇಡಿ, ನಿಮ್ಮನ್ನು ಎಳೆದು ತಲೆ ಮೇಲಿಂದ ಎಸೆಯುವುದೇ ಅವನ ಆಟ.

ಪ್ರಶ್ನೆ: ನಾನು ಬೆಂಗಳೂರಿನಿಂದ ಪಿಸಿಯಲ್ಲಿ ಅಮೆರಿಕದ ಗೆಳೆಯರ ಜೊತೆ ಆಡುತ್ತೇನೆ, ಪಿಂಗ್ (ನೆಟ್‌ನಲ್ಲಿ ಆಗುವ ತಡ) ವಿಪರೀತ. ನಾನು ಪಿಕ್ ಒತ್ತುವಷ್ಟರಲ್ಲಿ ಬಾಲ್ ಹೋಗಿರುತ್ತದೆ.

ಕೋಚ್: ವೈಫೈ ಬಿಟ್ಟು ಕೇಬಲ್ ಹಾಕಿ, ಸ್ವಲ್ಪ ಸ್ಥಿರವಾಗುತ್ತದೆ, ದೂರವೇನೂ ಕಮ್ಮಿಯಾಗಲ್ಲ. ಹಾಗಾಗಿ ಬಾಲ್ ನೋಡಿ ಹಾರುವ ಆಟ ನಿಮಗಲ್ಲ. ಸ್ನ್ಯಾಪ್ ಆದ ಕೂಡಲೇ ಎಸೆತದ ದಾರಿಯಲ್ಲಿ ಹೋಗಿ ನಿಲ್ಲಿ. ಗಾಳಿಯಲ್ಲಿರುವ ಬಾಲ್ ಹಿಡಿಯಲು ಕೊನೆಗಳಿಗೆಯಲ್ಲಿ ಆಟಗಾರ ಬದಲಿಸಬೇಡಿ, ಹತ್ತಿರದವನನ್ನು ಕಂಪ್ಯೂಟರ್‌ಗೇ ಬಿಡಿ.

ಪ್ರಶ್ನೆ: ರೆಡ್ ಝೋನ್‌ನಲ್ಲಿ?

ಕೋಚ್: 20 ಯಾರ್ಡ್ ಒಳಗೆ ಬಂದ ಮೇಲೆ ಅವನಿಗೂ ಜಾಗ ಕಮ್ಮಿ, ಎಂಡ್ ಝೋನ್ ಆಳ ಹತ್ತೇ ಯಾರ್ಡ್. ಸೇಫ್ಟಿಗಳ ಮುಂದೆ ಐವರು ನಿಲ್ಲುವ ಕವರ್ 2 ನನಗಿಷ್ಟ, ನೀವು ನಡುವೆ ಗೋಲ್ ಲೈನ್ ಹತ್ತಿರ ನಿಂತು ಸ್ಲಾಂಟ್ ತಡೆಯಿರಿ. ಟಚ್‌ಡೌನ್‌ನ ಏಳರ ಬದಲು ಫೀಲ್ಡ್ ಗೋಲ್‌ನ (ಕಾಲಲ್ಲಿ ಒದ್ದು ಹೊಡೆಯುವ ಗೋಲ್) ಮೂರು ಪಾಯಿಂಟ್ ಕೊಟ್ಟು ಬಂದರೆ ಆ ಡ್ರೈವ್ ನಿಮ್ಮದೇ.