ಹೆಸರಘಟ್ಟದ ಹ್ಯಾರಿಯರ್ ಹಕ್ಕಿ ಆಕಾಶಕ್ಕೆ ಏರಿದ ಕೂಡಲೇ ಫೋಟೊದಲ್ಲಿ ಕಪ್ಪಗಾಗುತ್ತದೆ, ಏನು ಮಾಡಲಿ?

ಹುಲ್ಲುಬಯಲು:
ಎಲ್ಲರಿಗೂ ನಮಸ್ಕಾರ. ಸತತ ಮೂರು ಭಾನುವಾರ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ ಬಂದೆ. ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರುತ್ತೇನೆ, ಮಂಜು ಇನ್ನೂ ನೆಲ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ಹ್ಯಾರಿಯರ್ (ಗಿಡುಗದಂಥ ಬೇಟೆ ಹಕ್ಕಿ) ಹುಲ್ಲಿನ ತುದಿ ಸವರಿಕೊಂಡು ಹಾರುತ್ತಿರುತ್ತದೆ. ಹಿಂದೆ ಹುಲ್ಲಿದ್ದಾಗ ಫೋಟೊ ಪರವಾಗಿಲ್ಲ. ಅದೇ ಹಕ್ಕಿ ಎರಡು ಆಳೆತ್ತರ ಮೇಲೆದ್ದು ಬಿಳಿ ಆಕಾಶದ ಮುಂದೆ ಬಂತೋ, ಮುಗೀತು, ಕರಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬರುತ್ತದೆ. ಕಣ್ಣಿಲ್ಲ, ರೆಕ್ಕೆಯ ಪಟ್ಟೆ ಇಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸಿದರೆ ಮೈತುಂಬ ರವೆ ಚೆಲ್ಲಿದಂತೆ ನಾಯ್ಸ್. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 150-600 ಎಂಎಂ ಲೆನ್ಸ್, ಅಪರ್ಚರ್ ಪ್ರಯಾರಿಟಿ (ಲೆನ್ಸ್ ಎಷ್ಟು ತೆರೆಯಬೇಕು ಅನ್ನುವುದು ನನ್ನದು, ಶಟರ್ ವೇಗ ಕ್ಯಾಮೆರಾದ್ದು), ಆಟೊ ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದೂ ಕ್ಯಾಮೆರಾದ್ದೇ). ಲೆನ್ಸ್ ಬದಲಾಯಿಸಬೇಕಾ? ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ.

ಕೆರೆಏರಿ:
ಲೆನ್ಸ್ ಬದಲಾಯಿಸಬೇಡಿ, ಅದು ಸಾಕು. ಮೋಸ ಹೋಗುತ್ತಿರುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್. ಫ್ರೇಮಿನ ಮುಕ್ಕಾಲು ಪಾಲು ಬೆಳ್ಳಗಿದ್ದರೆ ಅದು ಬೆಳಕು ಜಾಸ್ತಿ ಆಯ್ತು ಅಂದುಕೊಂಡು ಎಲ್ಲವನ್ನೂ ತಗ್ಗಿಸುತ್ತದೆ, ಜೊತೆಗೆ ಹಕ್ಕಿಯನ್ನೂ. ಆದರೆ ಹಕ್ಕಿಯ ಮೇಲೆ ಬೀಳುವ ಬೆಳಕು ಹಿಂದೆ ಹುಲ್ಲಿದ್ದರೂ ಅಷ್ಟೇ, ಆಕಾಶವಿದ್ದರೂ ಅಷ್ಟೇ ಅಲ್ವಾ? ಹಾಗಾಗಿ ಪೂರ್ತಿ ಮ್ಯಾನುಯಲ್‌ಗೆ (ಎಲ್ಲವನ್ನೂ ನಾವೇ ಇಡುವ ಮೋಡ್) ಹೋಗಿ. ಐಎಸ್‌ಒ ಕೂಡ ನೀವೇ ಇಡಿ. ಮ್ಯಾನುಯಲ್ ಅಂತ ಹಾಕಿ ಐಎಸ್‌ಒ ಆಟೊದಲ್ಲೇ ಬಿಟ್ಟರೆ ಮತ್ತೆ ಅದೇ ಕಥೆ, ಈ ತಪ್ಪು ನಾನೇ ಒಂದು ಇಡೀ ಚಳಿಗಾಲ ಮಾಡಿದ್ದೇನೆ.

ನಾನು ಮಾಡುವುದು ಇಷ್ಟು: ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎದುರಿನ ಒಣ ಹುಲ್ಲಿನದು ಒಂದು ಫೋಟೊ ತೆಗೆದು ಹಿಸ್ಟೋಗ್ರಾಂ (ಫೋಟೊದಲ್ಲಿ ಕತ್ತಲು ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡುತ್ತೇನೆ. ಸೂರ್ಯ ಆಗಷ್ಟೇ ಹುಟ್ಟಿದ್ದರೆ ಸುಮಾರು ಶಟರ್ 1/1600 ಸೆಕೆಂಡ್, ಅಪರ್ಚರ್ ಎಫ್ 6.3, ಐಎಸ್‌ಒ 3200. ಎಂಟು ಗಂಟೆ ಹೊತ್ತಿಗೆ ಅದೇ ಐಎಸ್‌ಒ 640ಕ್ಕೋ 800ಕ್ಕೋ ಇಳಿದಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ, ಮೋಡ ಬಂದರೆ ತಕ್ಷಣ, ಮತ್ತೆ ನೋಡಿಕೊಳ್ಳಬೇಕು. ಆಕಾಶ ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ, ನಮಗೆ ಬೇಕಾಗಿರುವುದು ಹಕ್ಕಿ. 3200 ಅಂದರೆ ಹೆದರಬೇಡಿ. ಮೊದಲೇ ಸರಿಯಾಗಿ ತೆಗೆದ 3200, ಕತ್ತಲಲ್ಲಿ ತೆಗೆದು ಆಮೇಲೆ ಎತ್ತಿದ 800ಕ್ಕಿಂತ ಕೆಟ್ಟದಾಗಿ ಬರುವುದಿಲ್ಲ.

ಇನ್ನೊಂದು. ಬೆಳಗಿನ ಮೊದಲ ಒಂದು ಗಂಟೆ ಬಿಡಲೇಬೇಡಿ. ಬಿಸಿಲು ಅಡ್ಡಡ್ಡ ಬರುವುದರಿಂದ ಹಾರುವ ಹಕ್ಕಿಯ ರೆಕ್ಕೆಯ ಅಡಿಗೂ ಬೀಳುತ್ತದೆ. ಒಂಬತ್ತೂವರೆ ಆದ ಮೇಲೆ ಮೇಲ್ಮೈ ಮಾತ್ರ ಬೆಳಕು, ಹೊಟ್ಟೆಯೆಲ್ಲ ನೆರಳು, ಸಾಲದ್ದಕ್ಕೆ ನೆಲದಿಂದ ಬಿಸಿ ಗಾಳಿ ಎದ್ದು ಎಲ್ಲ ಅಲುಗಾಡುತ್ತದೆ. ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ.

ಶರಾವತಿ ಕಡೆಯವಳು:
ಮೇಲೆ ಹೇಳಿದ್ದು ಸರಿ, ಆದರೆ ಎಲ್ಲ ಹಕ್ಕಿಗೂ ಒಂದೇ ಲೆಕ್ಕ ನಡೆಯುವುದಿಲ್ಲ ಸರ್. ಗರುಡ ನೋಡಿ, ತಲೆ ಎದೆ ಅಚ್ಚ ಬಿಳಿ, ಮೈ ಇಟ್ಟಿಗೆ ಕೆಂಪು. ಕೆಂಪು ಚೆನ್ನಾಗಿ ಬರಲಿ ಅಂತ ಬೆಳಕು ಕೊಟ್ಟರೆ ತಲೆಯ ಗರಿಯೆಲ್ಲ ಅಳಿಸಿಹೋಗುತ್ತದೆ, ಆಮೇಲೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ಇದ್ದರೂ ವಾಪಸ್ ಬರುವುದಿಲ್ಲ. ಹ್ಯಾರಿಯರ್‌ನಲ್ಲೂ ಹಲವು ಜಾತಿಗಳಲ್ಲಿ ಗಂಡು ತಿಳಿ ಬೂದು, ಹೆಣ್ಣು ಕಂದು. ಕಂದು ಹಕ್ಕಿಗೆ ಇಟ್ಟ ಲೆಕ್ಕದಲ್ಲಿ ಬಿಸಿಲಿಗೆ ಬಂದ ಗಂಡನ್ನು ತೆಗೆಯುವಾಗ ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿಕೊಳ್ಳಿ.

ನಮ್ಮ ಕಡೆ ಕಷ್ಟವೇ ಬೇರೆ. ಮಳೆ ನಿಂತ ಮೇಲೆ ಸರ್ಪೆಂಟ್ ಈಗಲ್ (ಹಾವು ತಿನ್ನುವ ಹದ್ದು) ಮರದ ಕೊಂಬೆ ಮೇಲೆ ರೆಕ್ಕೆ ಒಣಗಿಸುತ್ತ ಕೂರುತ್ತದೆ, ಎಲೆಗಳ ಅಡಿ ಕತ್ತಲೆ. ಅಲ್ಲಿ 1/1600 ಯಾಕೆ? ಕಾರಿನ ಕಿಟಕಿ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಊರಿ 1/160ರಲ್ಲಿ ತೆಗೆಯುತ್ತೇನೆ. ಒಟ್ಟಿಗೆ ಹತ್ತು ಕ್ಲಿಕ್ ಮಾಡಿದರೆ ಎರಡಾದರೂ ನಿಚ್ಚಳವಾಗಿ ಸಿಗುತ್ತವೆ.

ಬಯಲುಸೀಮೆ:
ಸೆಟ್ಟಿಂಗ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ನನ್ನದು ಒಂದೇ ಕೋರಿಕೆ. ಸಂಜೆಯ ಹೊಂಬಿಸಿಲು ಚೆನ್ನಾಗಿದೆ ಅಂತ ಹ್ಯಾರಿಯರ್ ಇಳಿಯುವ ಜಾಗಕ್ಕೆ ಗಾಡಿ ನುಗ್ಗಿಸಬೇಡಿ. ಅವು ಮರದ ಮೇಲೆ ಮಲಗುವ ಹಕ್ಕಿಗಳಲ್ಲ, ಗುಂಪಾಗಿ ಹುಲ್ಲಿನೊಳಗೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಮಾಂಟೆಗೂ ಹ್ಯಾರಿಯರ್ ಕಝಾಕಿಸ್ತಾನದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದಿರುತ್ತದೆ. ಕತ್ತಲಾಗುವ ಹೊತ್ತಿಗೆ ಎಬ್ಬಿಸಿದರೆ ಅದು ಎಲ್ಲಿಗೆ ಹೋಗಬೇಕು? ಹೋದ ವರ್ಷ ಎರಡು ಜೀಪು ಸುತ್ತುವರಿದು ಓಡಿಸಿದ್ದನ್ನು ಕಣ್ಣಾರೆ ಕಂಡೆ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಒಂದು ಕಡೆ ಸುಮ್ನೆ ಕೂತರೆ ಅದೇ ಹತ್ತಿರ ಬರುತ್ತದೆ.

ಹುಲ್ಲುಬಯಲು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಹೋಗಿ ಪೂರ್ತಿ ಮ್ಯಾನುಯಲ್‌ನಲ್ಲಿ ತೆಗೆದೆ. ಒಂದು ಪೊದೆಯ ಪಕ್ಕ ನೆಲದ ಮೇಲೆ ಕೂತಿದ್ದೆ, ಮುಕ್ಕಾಲು ಗಂಟೆ ಏನೂ ಬರಲಿಲ್ಲ, ಪ್ಯಾಂಟ್ ಎಲ್ಲ ಇಬ್ಬನಿಗೆ ಒದ್ದೆ. ಆಮೇಲೆ ಒಂದು ಗಂಡು ಎದುರಿಂದಲೇ ಬಂತು. ಅರ್ಧ ಸ್ಟಾಪ್ ಇಳಿಸುವುದು ಮರೆತುಹೋಯಿತು, ರೆಕ್ಕೆಯ ಒಂದು ಅಂಚು ಸ್ವಲ್ಪ ಬೆಳ್ಳಗಾಗಿದೆ. ಆದರೆ ಹಿಂದೆ ಬರೀ ಆಕಾಶ ಇದ್ದರೂ ಹಳದಿ ಕಣ್ಣು ಕಾಣುತ್ತಿದೆ, ಕಾಲಲ್ಲಿ ಹಿಡಿದ ಮಿಡತೆಯೂ ಕಾಣುತ್ತಿದೆ. ಸಂಜೆ ಅಪ್‌ಲೋಡ್ ಮಾಡುತ್ತೇನೆ.