ಸಹಾಯ ಬೇಕು: ಎತ್ತರಿಸಿದ ಹಳೇ ಜಿಪ್ಸಿಗೆ ಯಾವ ಶಾಕ್ಸ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು 2004ರ ಮಾರುತಿ ಜಿಪ್ಸಿ ಕಿಂಗ್. ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ಓಡುತ್ತದೆ. ಹಿಂದಿನ ಮಾಲೀಕರು ಬೇರೆ ಲೀಫ್ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು 2 ಇಂಚು ಎತ್ತರಿಸಿದ್ದಾರೆ, ಆದರೆ ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿ ಅಳತೆಯವೇ ಇವೆ. ಚರಂಡಿ ದಾಟುವಾಗ ಹಿಂದಿನ ಚಕ್ರ ಕೆಳಗೆ ಇಳಿದ ಕೂಡಲೇ ಟಪ್ ಅಂತ ಬಡಿಯುತ್ತದೆ. ಎಡಗಡೆಯ ಶಾಕ್ಸ್ ಮೈಯೆಲ್ಲ ಎಣ್ಣೆ, ಅದರ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡಿದೆ. ಸ್ಪ್ರಿಂಗ್ ಇನ್ನೂ ಇಳಿಯುವ ಮೊದಲೇ ಶಾಕ್ಸ್ ಪೂರ್ತಿ ಎಳೆದುಕೊಂಡು ನಿಲ್ಲುತ್ತಿದೆ, ಅಲ್ವಾ?

ಸುಮ್ನೆ ಉದ್ದದ್ದು ತಂದು ಹಾಕೋಣ ಅಂದರೆ ಇನ್ನೊಂದು ಭಯ. ಮುಚ್ಚಿಕೊಂಡಾಗಿನ ಉದ್ದ ಜಾಸ್ತಿಯಾದರೆ, ಆಕ್ಸಲ್ (ಚಕ್ರದ ಅಚ್ಚು) ಮೇಲಿರುವ ರಬ್ಬರ್ ತಡೆ, ಅಂದರೆ ಬಂಪ್ ಸ್ಟಾಪ್‌ಗೆ ತಾಗುವ ಮೊದಲೇ ಶಾಕ್ಸ್ ತಳ ಹೊಡೆಯುತ್ತದೆ. ಹಾಗಾದರೆ ಮೌಂಟ್ ಮುರಿಯುವುದು ಗ್ಯಾರಂಟಿ. ಈಗ ಹಿಂದೆ ಆಕ್ಸಲ್‌ಗೂ ಆ ರಬ್ಬರ್‌ಗೂ ನಡುವೆ 4 ಇಂಚು ಜಾಗ ಇದೆ, ಗಾಡಿ ಖಾಲಿ ಇದ್ದಾಗ. ಮೂಟೆ ಹೇರಿದರೆ ಇನ್ನೂ ಕಮ್ಮಿ.

ಮೆಕ್ಯಾನಿಕ್ ಅಣ್ಣ ಮೊನೋಟ್ಯೂಬ್ ಗ್ಯಾಸ್ ಶಾಕ್ಸ್ (ಒಂದೇ ಕೊಳವೆಯಲ್ಲಿ ಎಣ್ಣೆ, ಒತ್ತಡದ ಗ್ಯಾಸ್ ಎರಡೂ ಇರುವಂಥದ್ದು) ಹಾಕಿಸಿ ಅನ್ನುತ್ತಾರೆ. ಅದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ನಾವು ಓಡಿಸುವುದು ಫಸ್ಟ್, ಸೆಕೆಂಡ್ ಗೇರಲ್ಲಿ, ಶಾಕ್ಸ್ ಅಷ್ಟು ಬಿಸಿಯಾಗಲ್ಲ. ಮೊನೋಟ್ಯೂಬ್ ಸಾಮಾನ್ಯವಾಗಿ ಗಟ್ಟಿ ಬೇರೆ. ಲೀಫ್ ಸ್ಪ್ರಿಂಗ್ ಮೊದಲೇ ಗಟ್ಟಿ, ಅಪ್ಪನಿಗೆ ಸೊಂಟನೋವು ಬೇರೆ. ನನಗೆ ಕೊಳವೆಯೊಳಗೆ ಕೊಳವೆ ಇರುವ ಟ್ವಿನ್ ಟ್ಯೂಬೇ ಸರಿ ಅನಿಸುತ್ತದೆ.

2 ಇಂಚು ಎತ್ತರಿಸಿದ ಜಿಪ್ಸಿ ಇರುವವರು ದಯವಿಟ್ಟು ಹೇಳಿ: ನಿಮ್ಮ ಶಾಕ್ಸ್‌ನ ಎಳೆದ ಉದ್ದ, ಮುಚ್ಚಿದ ಉದ್ದ ಎಷ್ಟು? ಚಕ್ರ ಇನ್ನೂ ಕೆಳಗಿಳಿದರೆ ಎಳೆಯಬಾರದಲ್ಲ, ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಪೈಪು) ಕೂಡ ಉದ್ದದ್ದು ಹಾಕಿಸಬೇಕಾಯಿತಾ? ಮಳೆ ಶುರುವಾಗುವ ಮೊದಲು ಕೆಲಸ ಮುಗಿಸಬೇಕು. ಹಾಸನ, ಚಿಕ್ಕಮಗಳೂರು ಕಡೆ ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.