‘ಬೇಸ್’ ಇಲ್ಲ ಅಂದೆ, ಬಡಿಗರು ಮುನಿಸಿಕೊಂಡರು: ಈ ಸದ್ದಿಗೆ ನಮ್ಮ ಮಾತೇನು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ಪೀಕರಿನಲ್ಲಿ ‘ಬೇಸ್’ ಅಂತೀವಲ್ಲ, ಎದೆಗೆ ಬಂದು ತಟ್ಟುವ ಆ ಕೆಳಗಿನ ಸದ್ದು, ಅದಕ್ಕೆ.

ಯಾಕೆ ಬೇಕಾಯಿತು ಅಂದರೆ, ಧಾರವಾಡದ ಮನೆಯಲ್ಲಿ ಮೊದಲ ಸಲ ಸಬ್‌ವೂಫರ್, ಅಂದರೆ ಆ ಕೆಳಗಿನ ಸದ್ದಿಗೆಂದೇ ಇರುವ ಸ್ಪೀಕರ್ ಡಬ್ಬಿ, ಕಟ್ಟಿದೆ. ಅಂಗಡಿಯದನ್ನು ಕೊಳ್ಳುವಷ್ಟು ದುಡ್ಡಿರಲಿಲ್ಲ. 8 ಇಂಚಿನ ಸ್ಪೀಕರನ್ನೂ ಆಂಪ್ಲಿಫೈಯರ್ ಬೋರ್ಡನ್ನೂ ಹುಬ್ಬಳ್ಳಿಯಿಂದ ತಂದೆ. ಡಬ್ಬಿ ಮಾಡಿಕೊಟ್ಟವರು ನಮ್ಮ ಓಣಿಯ ಬಡಿಗರು, ಮೂಲ ಮುಂಡರಗಿ ಕಡೆಯವರು. 18 ಎಂಎಂ ಪ್ಲೈವುಡ್, ಹೊರಗಿನಿಂದ ಎಲ್ಲ ಕಡೆಗೂ 13 ಇಂಚು, ಒಳಗೆ ಸುಮಾರು 25 ಲೀಟರ್ ಗಾಳಿ. ಪೂರ್ತಿ ಮುಚ್ಚಿದ ಡಬ್ಬಿ. ಕೊಳವೆ ಇಡುವ ಬಗೆಯೂ ಇದೆ, ಆದರೆ ಮುಚ್ಚಿದ್ದರಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಜಾಸ್ತಿ ಕೆಡುವುದಿಲ್ಲ.

ಹಾಡು ಹಚ್ಚಿದೆ. ಸಪ್ಪೆ. ಬಡಿಗರು ಪಕ್ಕದಲ್ಲೇ ನಿಂತಿದ್ದರು. “ಬೇಸ್ ಇಲ್ರಿ ಅಣ್ಣಾರ” ಅಂದುಬಿಟ್ಟೆ. ಅವರ ಮುಖ ಇಳಿಯಿತು. “ಎರಡ ದಿನ ಕುಂತ ಮಾಡೇನ್ರಿ ಸರ, ಒಂದ ಸಂದ ತೋರಸ್ರಿ ನೋಡೂಣು. ಬೇಸ್ ಇಲ್ಲ ಅಂದ್ರ ಹೆಂಗ?”

ಅವರ ಕಡೆ ‘ಬೇಸ್ ಐತಿ’ ಅಂದರೆ ಚಲೋ ಇದೆ ಅಂತ. ಕೊಪ್ಪಳ, ರಾಯಚೂರಿನಲ್ಲೂ ಹಾಗೇ. ನಾನು ಸದ್ದಿನ ಮಾತಾಡಿದೆ, ಅವರು ಕೆಲಸಕ್ಕೆ ಹೆಸರಿಟ್ಟೆ ಅಂದುಕೊಂಡರು. ಬೇಸ್ ಅಂದರೆ ಬುಡ ಅಂತಲೂ ಆಗುತ್ತದಲ್ಲ, ಡಬ್ಬಿಯನ್ನು ಬೋರಲು ಹಾಕಿ ಬುಡವನ್ನೂ ತಟ್ಟಿ ನೋಡಿದರು, ಪಾಪ.

ತಪ್ಪು ನನ್ನದೇ. ಡಬ್ಬಿಯ ಹಿಂಬದಿಗೆ, ವೈರ್ ಕೂಡಿಸುವ ತಟ್ಟೆಗೆ ಅಂತ, ಅಂಗೈ ಅಗಲದ ಕಿಂಡಿ ಕೊರೆಸಿದ್ದೆ, ತಟ್ಟೆ ನಾಳೆ ತಂದರಾಯಿತು ಅಂತ ಹಾಗೇ ಬಿಟ್ಟಿದ್ದೆ. ಸ್ಪೀಕರಿನ ಮುಖ ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಆ ಎರಡೂ ಹೊರಗೆ ಬಂದು ಕೂಡಿದರೆ ಕೆಳಗಿನ ಸದ್ದು ಒಂದಕ್ಕೊಂದು ವಜಾ ಆಗಿಬಿಡುತ್ತದೆ. ಡಬ್ಬಿ ಇರುವುದೇ ಅವೆರಡನ್ನು ಬೇರೆ ಇಡಲಿಕ್ಕೆ. ಮರುದಿನ ತಟ್ಟೆ ತಂದು, ಅಂಚಿಗೆ ಫೋಮ್ ಪಟ್ಟಿ ಹಚ್ಚಿ ಬಿಗಿದೆ. ಬಡಿಗರನ್ನೂ ಕರೆದೆ.

“ಈಗ ಧ್ವನಿ ದಪ್ಪ ಆತ್ ನೋಡ್ರಿ. ಆದ್ರ ಗುಂಯ್ ಅಂತೈತಿ.”

ಎಷ್ಟು ಸರಿಯಾಗಿ ಹೇಳಿದರು! ಡಬ್ಬಿಯನ್ನು ಮೂಲೆಗೆ ಒತ್ತಿ ಇಟ್ಟಿದ್ದೆ. ಗೋಡೆ ಕೂಡುವ ಜಾಗ ಕೆಳಗಿನ ಸದ್ದನ್ನು ಉಬ್ಬಿಸುತ್ತದೆ. ಮೂರು ಅಡಿ ಈಚೆಗೆ ಎಳೆದ ಮೇಲೆ ತಬಲಾದ ಡಗ್ಗಾ (ಎಡಗೈಯಿಂದ ಬಾರಿಸುವ ದಪ್ಪ ದನಿಯದು) ಡಗ್ಗಾದ ಹಾಗೆ ಕೇಳಿಸಿತು.

ಈಗ ಪದದ ವಿಚಾರ. ‘ಮಂದ್ರ’ (ಸಂಗೀತದಲ್ಲಿ ಕೆಳಗಿನ ಸಪ್ತಕ, ಅಂದರೆ ಸ-ರಿ-ಗ-ಮದ ಕೆಳಗಿನ ಸಾಲು) ಅನ್ನಿ ಅಂತ ನಿಮ್ಮಲ್ಲಿ ಯಾರಾದರೂ ಹೇಳೇ ಹೇಳುತ್ತೀರಿ. ನನಗೆ ಅದು ಒಪ್ಪಿಗೆಯಿಲ್ಲ. ಮಂದ್ರ ಹಾಡುವವರ ಷಡ್ಜವನ್ನು, ಅಂದರೆ ಅವರು ಹಿಡಿದ ‘ಸ’ ಸ್ವರವನ್ನು, ನೆಚ್ಚಿಕೊಂಡ ಮಾತು. ಹೆಂಗಸರ ಮಂದ್ರದ ಸ್ವರಗಳು ಗಂಡಸರ ಮಧ್ಯ ಸಪ್ತಕದಲ್ಲೂ ಸಿಗುತ್ತವೆ.

ನನ್ನ ಮನಸ್ಸು ‘ಖರ್ಜ’ದ ಕಡೆ. ಇದೂ ಷಡ್ಜವೇ, ಉತ್ತರದವರ ಬಾಯಲ್ಲಿ ‘ಷ’ ಹೋಗಿ ‘ಖ’ ಬಂದು ಖರಜ, ಖರ್ಜ ಆಗಿದೆ. ಆದರೆ ಬಳಕೆಯಲ್ಲಿ ಅದು ಕೆಳಗಿನ ಷಡ್ಜಕ್ಕೇ ಅಂಟಿಕೊಂಡಿದೆ. ತಂಬೂರಿಯ ಕೊನೆಯ ದಪ್ಪ ತಂತಿ ಖರ್ಜದ್ದು. ಗಂಡಸರ ತಂಬೂರಿಯನ್ನು ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಸ್ವರಕ್ಕೆ, ಕೂಡಿಸಿದರೆ ಆ ತಂತಿ ಸುಮಾರು 69 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಕಂಪನ). ಸಬ್‌ವೂಫರಿಗೆ ಸಾಮಾನ್ಯವಾಗಿ 80 ಹರ್ಟ್ಜ್‌ನಿಂದ ಕೆಳಗಿನದನ್ನು ಬಿಡುತ್ತಾರೆ. ಅಂದರೆ ಖರ್ಜದ ತಂತಿಯ ಮೂಲ ಸದ್ದು ನೇರವಾಗಿ ಈ ಡಬ್ಬಿಗೇ ಬಂದು ಬೀಳುತ್ತದೆ! ಗಂಗೂಬಾಯಿ ಹಾನಗಲ್ಲರ ದನಿಯಲ್ಲಿ ‘ಬೇಸ್ ಇದೆ’ ಅಂದರೆ ಎಷ್ಟು ವಿಚಿತ್ರ ಕೇಳಿಸುತ್ತದೆ, ಅಲ್ವಾ? ಖರ್ಜ ಅಂದರೆ ಹೊಂದುತ್ತದೆ. ಒಂದೇ ತೊಡಕು, “ಡಬ್ಬಿಯಲ್ಲಿ ಖರ್ಜ ಚೆನ್ನಾಗಿದೆ” ಅಂದಾಗ ನನ್ನಾಕೆಗೆ ‘ಖರ್ಚು’ ಅಂತ ಕೇಳಿಸಿತು. ಅದೂ ಸುಳ್ಳಲ್ಲ.

ವೂಫರ್ ಅನ್ನುವುದನ್ನು ಕನ್ನಡಿಸುವ ಗೋಜು ಬೇಡ. ಅದು ನಾಯಿಯ ‘ವೂಫ್’ನಿಂದ ಬಂದದ್ದು. ಬೊಗಳುಗ ಅಂತ ಕರೆದು ಮನೆಯೊಳಗೆ ಇಟ್ಟುಕೊಳ್ಳಲಾದೀತೇ?

ಬಡಿಗರು ಕೊಟ್ಟ ‘ದಪ್ಪ’, ‘ಗುಂಯ್’ ಎರಡೂ ಸಾಕಷ್ಟು ಕೆಲಸ ಮಾಡುತ್ತವೆ. ಇಲ್ಲದಿರುವುದು ಗುಂಯ್‌ನ ಎದುರು ಮಾತು. ಹೊಡೆದ ಕೂಡಲೇ ಬಂದು, ಬಂದ ಕೂಡಲೇ ನಿಲ್ಲುವ ದಪ್ಪ ಸದ್ದಿಗೆ ಏನನ್ನುತ್ತೀರಿ? ನಾನು ಸುಮ್ನೆ ‘ಬಿಗಿ’ ಅನ್ನುತ್ತಿದ್ದೇನೆ, ಆದರೆ ಅದು ತೊಗಲಿಗೆ ಹೇಳುವ ಮಾತು, ಸದ್ದಿನದಲ್ಲ. ಹುಬ್ಬಳ್ಳಿ ಕಡೆ ಹೋಳಿ ಹಬ್ಬಕ್ಕೆ ಜಗ್ಗಲಗಿ ಅನ್ನುವ ದೊಡ್ಡ ವಾದ್ಯ ಬಾರಿಸುವವರು ಬಂಡಿಯ ಗಾಲಿಗೆ ಎಮ್ಮೆ ತೊಗಲು ಬಿಗಿಯುತ್ತಾರೆ. ತೊಗಲು ಸಡಿಲಿದ್ದಾಗಿನ ಸದ್ದು ಬೇರೆ, ಕಾದು ಬಿಗಿಯಾದ ಮೇಲಿನ ಸದ್ದು ಬೇರೆ. ಬಾರಿಸುವವರ ಮನೆಗಳಲ್ಲಿ ಇವೆರಡಕ್ಕೂ ಮಾತು ಇರಲೇಬೇಕು. ಅಂಥವರ ಒಡನಾಟ ಇರುವವರು ಕೇಳಿ ತಿಳಿಸುತ್ತೀರಾ? ಡೊಳ್ಳಿನವರ ಮಾತಾದರೂ ಸರಿ.